ಗುಡ್ಡದ ಬುಡದ ಗುರುಲಿಂಗಮ್ಮ ಬದುಕಿದ್ದಾರೆ

ಗುರುಲಿಂಗಮ್ಮನವರನ್ನು ಮೊದಲ ಸಲ ಕಂಡ ದಿನ, ನಾನು ಮಸ್ಕಿಯ ಬಸ್ ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ಸಂಜೆಯಾಗಿತ್ತು. ಗುಡ್ಡದ ಮೇಲಿನ ಅಶೋಕನ ಶಾಸನವನ್ನು ನೋಡಲೆಂದು ಬಂದ ಊರಿನಲ್ಲಿ ಎಲ್ಲಿ ಉಳಿಯಬೇಕೆಂಬುದೇ ಚಿಂತೆ. ನಿಲ್ದಾಣದ ಎದುರಿಗೆ ಒಂದು ಚಹಾದ ಹೋಟೆಲು. ಅದರ ಮಾಲೀಕ ಜಂಬಣ್ಣ ದುಂಡು ಮುಖದ, ಹಣೆ ತುಂಬ ವಿಭೂತಿ ಧರಿಸಿದ ಮನುಷ್ಯ. ಚೀಲ ಹಿಡಿದು ಬಂದ ಹೊಸಬರು ಏನು ಕೇಳುತ್ತಾರೆಂಬುದು ಅವನಿಗೆ ಗೊತ್ತಿತ್ತು. ಕೇಳುವ ಮೊದಲೇ ಹೇಳಿದ.

"ನೋಡ್ರಿ ಸರ, ಸಿಂಧನೂರಾಗ ಉಳಿದ್ರ ಲಾಡ್ಜ್ ಭಾಳ ಅದಾವ, ಊಟಾನೂ ಚೊಲೊ ಸಿಗ್ತೈತಿ. ಆದ್ರ ಭತ್ತದ ಲಾರಿ ಗದ್ದಲದಾಗ ಕಣ್ಣು ಮುಚ್ಚಾಕ ಆಗಂಗಿಲ್ಲ. ಲಿಂಗಸುಗೂರಾಗ ಉಳಿದ್ರ ಮುದಗಲ್ಲ ಕ್ವಾಟಿ ನೋಡಾಕ ಸಸಾರ. ಆದ್ರ ನೀವು ಬಂದಿದ್ದು ನಮ್ಮೂರ ಕಲ್ಲು ನೋಡಾಕ ಅಲ್ಲೇನ್ರಿ? ಬಿಸಿಲೇರೂದರಾಗ ಗುಡ್ಡ ಹತ್ತಬೇಕಂದ್ರ ಗುಡ್ಡದ ಬುಡಕ್ಕ ಉಳೀಬೇಕು. ಅಲ್ಲಿ ನಮ್ಮಕ್ಕನ ಮನಿ ಐತಿ. ಜಂಬಣ್ಣ ಕಳಿಸ್ಯಾನ ಅಂತ ಹೇಳ್ರಿ, ಸಾಕು."

ಹಳೆಯ ಊರಿನ ಓಣಿಗಳನ್ನು ದಾಟಿ ಹೋದರೆ ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ಒಂದು ಕಲ್ಲಿನ ಮನೆ. ಕಟ್ಟೆಯ ಮೇಲೆ, ಅರವತ್ತು ದಾಟಿದ ಎತ್ತರದ ಹೆಂಗಸೊಬ್ಬರು ತಂಬಿಗೆ ಹಿಡಿದು ನಿಂತಿದ್ದರು.

"ಮೊದಲ ಕಾಲಿಗೆ ನೀರು ತಗೋರಿ. ಯಾರು, ಯಾವೂರವರು ಅಂತ ಆಮ್ಯಾಲ ಕೇಳ್ತೀನಿ" ಎಂದರು.

ಅವರೇ ಗುರುಲಿಂಗಮ್ಮ. ಆ ಮನೆಯ ಪಡಸಾಲೆಯಲ್ಲಿ ಹೊಸಬರು ಮಲಗುವ ರೂಢಿ ಹಾಕಿದವರು ಅವರ ಗಂಡ ಬಸವಲಿಂಗಪ್ಪನವರು. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವ ಬಾಗಲಕೋಟೆ ಕಡೆಯ ಭಕ್ತರು ವರ್ಷಕ್ಕೊಮ್ಮೆ ಅಲ್ಲಿ ಇಳಿಯುತ್ತಿದ್ದರು. ಒಮ್ಮೆ ಇಳಿದ ಮನೆಯನ್ನು ಬಿಟ್ಟು ಮರುವರ್ಷ ಬೇರೆ ಮನೆಗೆ ಹೋಗುವುದು ಅವರಲ್ಲಿ ಇಲ್ಲ. ಉಳಿದ ದಿನಗಳಲ್ಲಿ ಶಾಸನ ನೋಡಲು ಬಂದವರು ಇರುತ್ತಿದ್ದರು. ಗಂಡ ತೀರಿಕೊಂಡ ಮೇಲೂ ಗುರುಲಿಂಗಮ್ಮನವರು ಆ ರೂಢಿಯನ್ನು ಬಿಡಲಿಲ್ಲ. ಕಾಲುವೆಯ ಕೆಳಗಿನ ಹೊಲ ಅವರ ಹೊಟ್ಟೆಗೆ ಸಾಕಾಗುತ್ತಿತ್ತು. ಬಾಡಿಗೆ ಎಷ್ಟೆಂದು ಯಾರಾದರೂ ಕೇಳಿದರೆ ನಗುತ್ತಿದ್ದರು. "ಮನಿಗೆ ಬಂದವರಿಗೆ ಬಾಡಿಗಿ ಹೇಳಾಕ ನಾ ಏನು ಸೈಕಲ್ ಅಂಗಡಿ ಇಟ್ಟೀನೇನ್ರಿ?" ಕೊಡಲೇಬೇಕೆನ್ನುವವರು ದೀಪದ ಗೂಡಿನಲ್ಲಿ ಇಟ್ಟು ಹೋಗುತ್ತಿದ್ದರು. ಅವರಿಗೆ ಬೇಕಾದದ್ದು ಬೇರೆ. ಸಂಜೆಯಾದರೆ ಕಟ್ಟೆಯ ಕೆಳಗೆ ಗುರುತಿಲ್ಲದ ಚಪ್ಪಲಿಗಳು ಕಾಣಬೇಕು. ಆಗಲೇ ಅವರಿಗೆ ಆ ಮನೆ ತಮ್ಮ ಗಂಡನ ಮನೆಯೆನಿಸುತ್ತಿತ್ತು.

ಜಂಬಣ್ಣ ತಮ್ಮನಾದರೂ ಅವರ ಕೈಯಲ್ಲೇ ಬೆಳೆದ ಕೂಸು. ತಾಯಿ ಹೋದಾಗ ಅವನಿಗೆ ಇನ್ನೂ ಮಾತು ಬಂದಿರಲಿಲ್ಲ. ಗುರುಲಿಂಗಮ್ಮ ಮದುವೆಯಾಗಿ ಮಸ್ಕಿಗೆ ಬಂದ ಗಾಡಿಯಲ್ಲಿ ಸೀರೆಯ ಗಂಟಿನ ಜೊತೆಗೆ ಅವನೂ ಬಂದಿದ್ದ. ಹೋಟೆಲು ಹಾಕಿಕೊಟ್ಟವರು ಬಸವಲಿಂಗಪ್ಪನವರೇ. ಅವನಿಗೆ ಹೆಂಡತಿ ಬಂದು, ಮಕ್ಕಳಾದ ಮೇಲೂ ಮಧ್ಯಾಹ್ನದ ಜೋಳದ ರೊಟ್ಟಿ ಮತ್ತು ಅವನಿಗೆ ಇಷ್ಟವಾದ ಪುಂಡಿಪಲ್ಲೆ ಅಕ್ಕನ ಮನೆಯಿಂದಲೇ ಹೋಗುತ್ತಿತ್ತು.

ಒಂದು ಬೇಸಗೆಯಲ್ಲಿ ಗುರುಲಿಂಗಮ್ಮನವರು ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದಾಗ ಕಾಗೆಯೊಂದು ಹಾರಿ ಬಂದು ತಲೆಗೆ ಬಡಿದು ಹೋಯಿತು. ಕಾಗೆ ಬಡಿದರೆ ಕೇಡು, ಪ್ರಾಣಕ್ಕೇ ಸಂಚಕಾರ ಎಂದು ನಂಬುವ ಸೀಮೆ ಅದು. ಪರಿಹಾರವೂ ಅಲ್ಲಿಯವರಿಗೆ ಗೊತ್ತು. ಬಡಿಸಿಕೊಂಡವರು ತೀರಿಕೊಂಡರೆಂದು ಬಂಧುಗಳಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ನಿಜವಾಗಿ ಅಳಬೇಕು. ಆಮೇಲೆ ಸುದ್ದಿ ಹೇಳಿದವನೇ ತಿರುಗಿ, ಬದುಕಿದ್ದಾರೆಂದು ಹೇಳಬೇಕು. ಅಲ್ಲಿಗೆ ಕೇಡು ಕಳೆಯಿತು, ಆಯುಷ್ಯ ಹೆಚ್ಚಿತು.

ಗುರುಲಿಂಗಮ್ಮನವರು ಪಕ್ಕದ ಮನೆಯ ಹುಸೇನ್‌ಬೀಯನ್ನು ಕಳಿಸಿ ತಮ್ಮನನ್ನು ಕರೆಸಿದರು.

"ಲೇ ಜಂಬಾ, ನಾ ಸತ್ತೀನಿ ಅಂತ ಎಲ್ಲಾರಿಗೂ ಹೇಳು."

"ಯಾವಾಗ ಸತ್ತಿ ಅಂತ ಹೇಳ್ಲಿ ಅಕ್ಕಾ?"

"ಈಗ ಸಂಡಿಗಿ ಹಾಕೂ ಮುಂದ ಸತ್ಲು ಅನ್ನು. ಸಂಡಿಗಿ ಒಣಗೂದರಾಗ ತಿರುಗಿ ಹೇಳು, ಮರ್ತಗಿರ್ತೀ."

ಜಂಬಣ್ಣ ಫೋನು ಹಿಡಿದು, ಧ್ವನಿ ನಡುಗಿಸಿ, ಗುರುಗುಂಟಾದಲ್ಲಿದ್ದ ಅಕ್ಕನ ಮಗಳು ಶಿವಕುಮಾರಿಗೆ ಮೊದಲು ಹೇಳಿದ. ಆಕೆ ಬೋರಾಡಿ ಅತ್ತಳು. ಉಳಿದ ಬಂಧುಗಳೂ ಅತ್ತರು. ಸ್ವಲ್ಪ ಹೊತ್ತಿಗೆ ಮತ್ತೆ ಫೋನು ಮಾಡಿ, ಕಾಗೆ ಬಡಿದ ಸಂಗತಿ ಹೇಳಿದಾಗ ಆಕೆ ಮಾವನನ್ನು ಬಾಯಿಗೆ ಬಂದಂತೆ ಬೈದಳು. ಹುಸೇನ್‌ಬೀ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಯಣ್ಣಾ, ನೀ ನಾಟಕದ ಕಂಪನಿಗೆ ಸೇರಬೇಕಿತ್ತು ನೋಡು. ಖರೇನ ಅನಿಸಿ ನನಗೂ ಕಣ್ಣಾಗ ನೀರು ಬಂದ್ವು" ಎಂದಳು. ಎಲ್ಲರೂ ನಕ್ಕರು. ಸತ್ತು ಬದುಕಿದ ಲೆಕ್ಕದಲ್ಲಿ ಅಂದು ಮನೆಯಲ್ಲಿ ಹೋಳಿಗೆಯಾಯಿತು.

ಆ ವರ್ಷವೇ ಜಂಬಣ್ಣ ಹೋಟೆಲಿನ ಮೇಲೆ ಮಾಳಿಗೆ ಎಬ್ಬಿಸಿ ಕೋಣೆಗಳನ್ನು ಕಟ್ಟಿಸಿದ. ಮಸ್ಕಿ ತಾಲೂಕು ಆದ ಮೇಲೆ ಕಚೇರಿಗಳು ಬಂದಿದ್ದವು. ನೌಕರಿಯವರಿಗೆ ತಿಂಗಳ ಬಾಡಿಗೆಗೆ ಕೊಡುವ ಕೋಣೆಗಳವು ಎಂದು ಅಕ್ಕನಿಗೆ ಹೇಳಿದ. ಪ್ರವೇಶದ ದಿನ ತಲೆಯ ಮೇಲೆ ನೀರಿನ ಕೊಡ ಹೊತ್ತು ಮೊದಲು ಮೆಟ್ಟಿಲು ಹತ್ತಿದವರು ಗುರುಲಿಂಗಮ್ಮನವರೇ. ತಮ್ಮನ ಏಳಿಗೆಯನ್ನು ಕಂಡು ಅವರ ಕಣ್ಣು ತುಂಬಿ ಬಂದಿತ್ತು.

ಅಲ್ಲಿಂದ ಮುಂದೆ ಕಟ್ಟೆಯ ಕೆಳಗಿನ ಚಪ್ಪಲಿಗಳು ಕಡಿಮೆಯಾಗುತ್ತ ಬಂದವು. ಮೊದಮೊದಲು ಬಿಸಿಲು ಕಾರಣವೆಂದುಕೊಂಡರು. ಆಮೇಲೆ ರಸ್ತೆ ಕೆಲಸ ನಡೆದಿದೆ ಎಂದುಕೊಂಡರು. ಒಂದು ದಿನ ರೊಟ್ಟಿಯ ಬುತ್ತಿ ಕೊಡುತ್ತ ಕೇಳಿಯೂ ಕೇಳಿದರು.

"ಯಾಕೋ ಜಂಬಾ, ಮಂದಿ ಬರವಲ್ರಲ್ಲ?"

"ಈಗಿನ ಮಂದಿಗೆ ಗುಡ್ಡದ ಬುಡ ಯಾರಿಗೆ ಬೇಕಾಗೈತಕ್ಕಾ? ಕಾರಿನ್ಯಾಗ ಬರ್ತಾರ, ಕಲ್ಲಿನ ಮುಂದ ನಿಂತು ಫೋಟೋ ತಗೋತಾರ, ಲಿಂಗಸುಗೂರಿಗೋ ಸಿಂಧನೂರಿಗೋ ಹೋಗಿ ಎ.ಸಿ. ಹಚ್ಚಿಕೊಂಡು ಮಕ್ಕೋತಾರ. ನೀ ಯಾಕ ಮನಸಿಗೆ ಹಚ್ಕೋತಿ? ವಯಸ್ಸಾತು, ಆರಾಮ ಇರು."

ತಮ್ಮ ಹೇಳಿದ ಮೇಲೆ ಅನುಮಾನದ ಮಾತೇ ಇರಲಿಲ್ಲ. ಆದರೂ ಪ್ರತಿ ಸಂಜೆ ಪಡಸಾಲೆ ಗುಡಿಸಿ ಚಾಪೆ ಕೊಡವುವುದನ್ನು ಅವರು ಬಿಡಲಿಲ್ಲ.

ಯುಗಾದಿ ಹತ್ತಿರ ಬಂತು. ಶ್ರೀಶೈಲಕ್ಕೆ ನಡೆಯುವವರು ಎಲ್ಲಿ ಹೋದಾರು? ಗುರುಲಿಂಗಮ್ಮನವರು ಕಡಲೆ ನೆನೆಹಾಕಿದರು. ಬೊಬ್ಬೆಯೆದ್ದ ಕಾಲುಗಳಿಗೆಂದು ಹಂಡೆಯಲ್ಲಿ ನೀರು ಕಾಯಿಸಿದರು. ಬಾಗಿಲಿಗೆ ರಂಗೋಲಿ ಹಾಕಿ ಕಟ್ಟೆಯ ಮೇಲೆ ಕುಳಿತರು. ದೂರದ ರಸ್ತೆಯಲ್ಲಿ ಭಜನೆಯ ದನಿ ಕೇಳಿಸಿತು. ಹತ್ತಿರ ಬಂತು. ಬಸ್ ನಿಲ್ದಾಣದ ಹತ್ತಿರ ಸ್ವಲ್ಪ ಹೊತ್ತು ನಿಂತಿತು. ಮತ್ತೆ ಶುರುವಾದಾಗ ಸಿಂಧನೂರು ರಸ್ತೆಯ ಕಡೆಗೆ ಹೋಗಿ ಕರಗಿತು. ಓಣಿಗೆ ಯಾರೂ ತಿರುಗಲಿಲ್ಲ.

"ಯಕ್ಕಾ, ಇಷ್ಟು ನೀರು ಕಾಸೀದಿ, ನಾವರ ಒಂದೊಂದು ತಂಬಿಗಿ ಹಾಕ್ಕೊಳ್ಳೇನು?" ಎಂದು ನಗಿಸಲು ನೋಡಿದ ಹುಸೇನ್‌ಬೀ ಅವರ ಮುಖ ಕಂಡು ಎದ್ದು ಹೋಗಿ ಹಂಡೆಯ ಕೆಳಗಿನ ಬೆಂಕಿ ಆರಿಸಿದಳು. ತಮ್ಮ ಮನೆಯಿಂದ ಏನು ತಪ್ಪಾಯಿತೆಂದು ಗುರುಲಿಂಗಮ್ಮನವರು ಬಹಳ ದಿನ ತಮ್ಮನ್ನೇ ಕೇಳಿಕೊಂಡರು. ಹೋದ ವರ್ಷ ಸಾರಿಗೆ ಉಪ್ಪು ಹೆಚ್ಚಾಗಿತ್ತೇ? ಯಾರಿಗಾದರೂ ಕಾಲಿಗೆ ನೀರು ಕೊಡದೆ ಬಿಟ್ಟಿದ್ದೆನೇ?

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಧಾರವಾಡದ ಜಯಶ್ರೀ ಎಂಬ ಹೆಣ್ಣುಮಗಳು ಗಂಡನೊಡನೆ ಓಣಿಯಲ್ಲಿ ಬಂದಳು. ಹಿಂದೆ ಎರಡು ಸಲ ಆ ಪಡಸಾಲೆಯಲ್ಲಿ ಉಳಿದು ಹೋದವಳು. ಕೈಯಲ್ಲಿ ಹೂವಿನ ಹಾರ. ಕಟ್ಟೆಯತ್ತ ನೋಡಿದವಳೇ ಚಿಟ್ಟನೆ ಚೀರಿ ಗಂಡನ ತೋಳು ಹಿಡಿದಳು.

"ಯಾಕವ್ವಾ, ಹಾವೇನರ ಕಂಡಿ?" ಎಂದು ಗುರುಲಿಂಗಮ್ಮನವರು ಎದ್ದರು.

"ಅಮ್ಮಾ... ನೀವು... ನೀವು ಹೋಗೀರಿ ಅಂತ ಹೇಳಿದ್ರು."

"ನಾ ಎಲ್ಲಿ ಹೋಗ್ಲಿ? ಇಲ್ಲೇ ಅದೀನಲ್ಲ."

ಜಯಶ್ರೀ ಅಳುತ್ತ ನಗುತ್ತ ಎಲ್ಲವನ್ನೂ ಹೇಳಿದಳು. ಹಿಂದಿನ ಸಂಜೆ ಬಸ್ಸಿಳಿದು ಜಂಬಣ್ಣನನ್ನು ಕಂಡಿದ್ದರು. "ಅಕ್ಕ ಹ್ವಾದ್ಲ್ರಿ ತಾಯಿ, ಕಾಗಿ ಬಡಿದಿದ್ದ ನೆವ ಆತು" ಎಂದು ಅವನು ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡನಂತೆ. ನಮ್ಮಕ್ಕನ ಮನೆಯ ಮಂದಿ ಎಂದು ಚಹಾಕ್ಕೆ ಹಣವನ್ನೂ ಮುಟ್ಟಲಿಲ್ಲವಂತೆ. ಆಮೇಲೆ ತಾನೇ ಚೀಲ ಹೊತ್ತು ಮಾಳಿಗೆಯ ಮೇಲಿನ ತನ್ನ ಲಾಡ್ಜಿನ ಕೋಣೆಗೆ ಕರೆದೊಯ್ದನಂತೆ. ಬಾಗಿಲಿಗಾದರೂ ಒಂದು ಹಾರ ಹಾಕಿ ಹೋಗೋಣವೆಂದು ಇವರು ಬಂದಿದ್ದರು.

ಗುರುಲಿಂಗಮ್ಮನವರು ಹಾರವನ್ನು ತೆಗೆದುಕೊಂಡು ಬಸವಲಿಂಗಪ್ಪನವರ ಪಟಕ್ಕೆ ಹಾಕಿದರು. ಬಂದವರಿಗೆ ಅವಲಕ್ಕಿ ಕೊಟ್ಟರು. ಆಮೇಲೆ ಕೈ ತೊಳೆದುಕೊಂಡು ಬಸ್ ನಿಲ್ದಾಣದ ಕಡೆಗೆ ನಡೆದರು. ಅವರ ನಡಿಗೆ ಕಂಡು ಹುಸೇನ್‌ಬೀ ನಲ್ಲಿಯ ಕೆಳಗೆ ಕೊಡ ಬಿಟ್ಟು ಹಿಂದೆಯೇ ಓಡಿದಳು.

ಹೋಟೆಲಿನಲ್ಲಿ ಗಿರಾಕಿಗಳಿದ್ದರು. ಅಕ್ಕನನ್ನು ಕಂಡ ಜಂಬಣ್ಣನ ಕೈಯಲ್ಲಿ ಚಹಾ ಸೋಸುವ ಬಟ್ಟೆ ಹಾಗೇ ನಿಂತಿತು.

"ಯಾವಾಗ ಸತ್ನೋ ಜಂಬಾ ನಾನು?"

"ಅಕ್ಕಾ, ಅದು... ಕಾಗಿ ಬಡದಿತ್ತಲ್ಲ... ಹೇಳಿದಷ್ಟೂ ನಿನ್ನ ಆಯುಷ್ಯ ಹೆಚ್ಚಾಗ್ಲಿ ಅಂತ..."

ಒಂದು ಗಳಿಗೆ ಆ ಮಾತನ್ನು ನಂಬಿಬಿಡಬೇಕೆಂದು ಗುರುಲಿಂಗಮ್ಮನವರಿಗೆ ಆಸೆಯಾಯಿತು. ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸು. ಅದರ ಸುಳ್ಳುಗಳನ್ನು ಎಷ್ಟು ಸಲ ನಂಬಿದಂತೆ ನಟಿಸಿರಲಿಲ್ಲ?

"ಹಂಗಾದ್ರ ತಿರುಗಿ ಹೇಳಿದೇನು?"

"ಯಾರಿಗೆ?"

"ಸತ್ಲು ಅಂತ ಯಾರ್‍ಯಾರಿಗೆ ಹೇಳಿದಿ, ಅವರಿಗೆ. ಶ್ರೀಶೈಲದ ಮಂದಿಗೆ ಹೇಳಿದೇನು? ಅವರು ಹಾಡಕೊಂತ ನನ್ನ ಓಣಿ ಬಾಯಿ ದಾಟಿ ಹ್ವಾದ್ರಲ್ಲೋ!"

ಹುಸೇನ್‌ಬೀ ಸುಮ್ಮನಿರಲಿಲ್ಲ. "ಮಾಳಿಗಿ ಮ್ಯಾಲಿನ ರೂಮು ತುಂಬೂತನಕ ಅಕ್ಕನ್ನ ದಿನಾ ಸಾಯಿಸ್ಯಾನವ್ವಾ ಇವ. ಮಣ್ಣು ಕೊಡೂದೊಂದು ಉಳದೈತಿ!"

ಗುರುಲಿಂಗಮ್ಮನವರು ಅವಳನ್ನು ತಡೆದರು. ಅವರ ದನಿ ಏರಲಿಲ್ಲ. "ರೂಮು ಕಟ್ಟಿದ್ದಕ್ಕ ಸಿಟ್ಟಿಲ್ಲ ನನಗ. ನನಗ ಹೇಳಿದ್ರ ನಾನ ಅರ್ಧ ಮಂದೀನ ಇಲ್ಲಿಗೆ ಕಳಸ್ತಿದ್ದೆ. ಜೀವ ಉಳೀಲಿ ಅಂತ ನಿನ್ನ ಕೈಯಾಗ ಕೊಟ್ಟ ಮಾತಿನಿಂದನ ನನ್ನ ಬಾಗಿಲು ಮುಚ್ಚಿದಿ. ಈಗ ಕೇಳು. ಹೇಳಿದವರಿಗೆಲ್ಲಾ ಹೋಗಿ, ಬದುಕ್ಯಾಳ ಅಂತ ಹೇಳಿ ಬಾ. ಅಲ್ಲಿತನಕ ನಾ ನಿನಗ ಸತ್ತಾಕಿನ."

ಎಲ್ಲಿಂದಲೋ ಬಂದು ಎಲ್ಲಿಗೋ ಹೋದ ಆ ಜನರನ್ನು ಅವನು ಎಲ್ಲಿ ಹುಡುಕಿಯಾನು?

ನಾಗರ ಪಂಚಮಿಗೆ ಜಂಬಣ್ಣ, ಅಣ್ಣತಮ್ಮಂದಿರ ರೂಢಿಯಂತೆ, ಸೀರೆ, ಉಂಡಿಗಳ ಬುಟ್ಟಿ ಹಿಡಿದು ಅಕ್ಕನ ಬಾಗಿಲಿಗೆ ಬಂದ. ಗುರುಲಿಂಗಮ್ಮನವರು ಹೊಸ್ತಿಲೊಳಗೆ ನಿಂತು, "ಸತ್ತಾಕಿಗೆ ಎಲ್ಲಿ ಪಂಚಮಿ ತಂದೀಯೋ ತಮ್ಮಾ? ಎಷ್ಟು ಮಂದಿಗೆ ಹೇಳಿ ಬಂದಿ, ಅದನ್ನು ಹೇಳು" ಎಂದರು. ಅವನು ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು ಹೋದ. ಗುರುಲಿಂಗಮ್ಮನವರು ಉಂಡಿಗಳನ್ನು ಓಣಿಯ ಮಕ್ಕಳಿಗೆ ಹಂಚಿದರು, ಸೀರೆ ಉಡಲಿಲ್ಲ. ಅವರ ಒಲೆಯ ಮೇಲೆ ಅಂದಿನಿಂದ ಪುಂಡಿಪಲ್ಲೆ ಬೆಂದಿಲ್ಲ.

ಈಗ ಗುರುಲಿಂಗಮ್ಮನವರು ಮಧ್ಯಾಹ್ನದ ಬಿಸಿಲು ಇಳಿಯುತ್ತಲೇ ಬಸ್ ನಿಲ್ದಾಣಕ್ಕೆ ಬರುತ್ತಾರೆ. ತಮ್ಮನ ಹೋಟೆಲಿಗೆ ಎದುರಾಗಿ ಬೇವಿನ ಮರದ ಕೆಳಗೆ ಒಂದು ಕಲ್ಲು ಬೆಂಚಿದೆ. ಕತ್ತಲಾಗುವವರೆಗೆ ಅಲ್ಲಿ ಕುಳಿತಿರುತ್ತಾರೆ, ಬಸ್ಸಿನಿಂದ ಇಳಿದ ಪ್ರತಿಯೊಬ್ಬರಿಗೂ ಕಾಣುವ ಹಾಗೆ. ಎಲ್ಲಿ ಉಳಿಯಬೇಕೆಂದು ಯಾರಾದರೂ ಕೇಳಿದರೆ ಒಂದನ್ನೂ ಮುಚ್ಚಿಡದೆ ಹೇಳುತ್ತಾರೆ. ಗದ್ದಲವಿದ್ದರೂ ಪರವಾಗಿಲ್ಲ ಎಂದರೆ ಸಿಂಧನೂರು. ಮುದಗಲ್ಲ ನೋಡುವುದಿದ್ದರೆ ಲಿಂಗಸುಗೂರು. "ಇಲ್ಲೇ ಮಾಳಿಗಿ ಮ್ಯಾಲ ಹೊಸಾ ರೂಮ್ ಅದಾವ, ನೀರು ಇಪ್ಪತ್ನಾಕು ತಾಸು ಬರ್ತಾವ. ಗುಡ್ಡದ ಬುಡಕ್ಕಾದ್ರ ನಮ್ಮ ಮನಿ ಐತಿ, ನೀರು ನಾ ಕೊಡಬೇಕು." ಕೆಲವರು ಮಾಳಿಗೆ ಹತ್ತುತ್ತಾರೆ. ಕೆಲವರು ಅವರ ಹಿಂದೆ ಹೋಗುತ್ತಾರೆ.

ಒಮ್ಮೊಮ್ಮೆ ಹಿಂದೆ ಬಂದು ಹೋದವರು ಬರುತ್ತಾರೆ. ಮರದ ಕಡೆ ನೋಡದೆ ನೇರ ಹೋಟೆಲಿಗೆ ಹೋಗಿ, "ಗುಡ್ಡದ ಬುಡದ ಆ ಅಜ್ಜಿ ಪಾಪ, ಹೋಗಿಬಿಟ್ಟರಲ್ಲ" ಎನ್ನುತ್ತಾರೆ. ಜಂಬಣ್ಣ ಚಹಾದ ಲೋಟ ಹಿಡಿದ ಕೈಯಿಂದಲೇ ಬೇವಿನ ಮರದ ಕಡೆ ತೋರಿಸುತ್ತಾನೆ. ಗುರುಲಿಂಗಮ್ಮನವರು ಅದನ್ನು ಕಾಣುತ್ತಾರೆ. ಆದರೆ ಅವರು ಅವನಿಂದ ಕೇಳಿದ್ದು ಬದುಕಿದ್ದಾಳೆಂಬ ಬಾಯಿಮಾತು, ಕೈಸನ್ನೆಯಲ್ಲ. ಬೆಂಚಿನಿಂದೆದ್ದು, ಬಂದವರ ಕೈಯ ಚೀಲ ಇಸಿದುಕೊಂಡು, ಹೋಟೆಲಿನ ಮುಂದಿನಿಂದಲೇ ಹಾಯ್ದು ಹಳೆಯ ಊರಿನ ಓಣಿಗೆ ತಿರುಗುತ್ತಾರೆ. ತಮ್ಮನ ಕಡೆ ಮುಖ ತಿರುಗಿಸುವುದಿಲ್ಲ.