ಹುಳದ ಮನೆಯ ಎದುರಿನ ಗೋಡೆ

ರಾಮನಗರದ ಅಂಚಿನ ಒಂದು ಉದ್ದ ಗೋಡೆಗೆ ಚಿತ್ರ ಬರೆಯಲು ಶುರು ಮಾಡಿದ ದಿನದಿಂದಲೂ ಎದುರು ಮನೆಯ ಹೆಂಗಸು ನನ್ನ ಮೇಲೆ ಕಣ್ಣಿಟ್ಟಿದ್ದಳು. ನಾನೂ ಅವಳ ಮೇಲೆ ಕಣ್ಣಿಟ್ಟಿದ್ದೆ. ಖಾಲಿ ಗೋಡೆ ಕಂಡರೆ ಪೋಸ್ಟರ್ ಅಂಟಿಸುವವರಿಗೂ ಚುನಾವಣೆಗೆಂದು ಸುಣ್ಣ ಬಳಿದು ಹಿಡಿದಿಡುವವರಿಗೂ ಅದು ತಮ್ಮಪ್ಪನ ಆಸ್ತಿ. ಚನ್ನಪಟ್ಟಣದಲ್ಲಿ ನನ್ನ ಅರ್ಧ ಚಿತ್ರದ ಮೇಲೆ ಬೆಳಗಾಗುವಷ್ಟರಲ್ಲಿ ಯಾರದೋ ಹುಟ್ಟುಹಬ್ಬದ ಶುಭಾಶಯ ಬಂದು ಕೂತಿತ್ತು. ಅಂದಿನಿಂದ ನಾನು ಯಾರನ್ನೂ ನಂಬುವುದಿಲ್ಲ.

ಬಂಡೆಗಳ ಬಿರುಕು, ಹಿಪ್ಪುನೇರಳೆ ಎಲೆಯ ನರಗಳನ್ನು ಬ್ರಷ್ಷಿನಲ್ಲಿ ಎಳೆಯುತ್ತಿದ್ದಷ್ಟು ದಿನ ಅವಳು ಸುಮ್ಮನಿದ್ದಳು. ಆಕಾಶಕ್ಕೆಂದು ಸ್ಪ್ರೇ ಡಬ್ಬಿ ಅಲ್ಲಾಡಿಸಿದ್ದೇ ತಡ, ರಸ್ತೆ ದಾಟಿ ಬಂದಳು.

“ಅದ ಹೊಡೀಬ್ಯಾಡ ಕಣಪ್ಪ. ಒಳಗೆ ಹುಳ ಅವೆ, ನಾಕ್ನೇ ಜ್ವರ ಎದ್ದವೆ. ಆ ವಾಸ್ನೆ ತಾಕುದ್ರೆ ಸೊಪ್ಪು ಮುಟ್ಟಾಕಿಲ್ಲ, ಸತ್ತೋಯ್ತವೆ. ಗೂಡು ಕಟ್ಟೋಗಂಟ ತಡ್ಕೊ.”

ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದಿತೆಂದರೆ ಬೆಳೆ ಕೈಗೆ ಬರುವ ಹೊತ್ತು. ಅದು ನನಗೆ ಗೊತ್ತಿತ್ತು. ಆದರೆ ಕಾರಣ ಸ್ವಲ್ಪ ಹೆಚ್ಚೇ ಅಚ್ಚುಕಟ್ಟಾಗಿ ಕಂಡಿತು. ನಾನು ಅತ್ತ ಹೋದರೆ ಇತ್ತ ಇವಳ ಕಡೆಯವರು ಗೋಡೆಗೆ ಸುಣ್ಣ ಬಳಿಯುತ್ತಾರೆ ಅಂತಲೇ ನನ್ನ ಲೆಕ್ಕ.

“ಹುಳ ತೋರ್ಸಿ, ನೋಡಿ ನಿಲ್ಲಿಸ್ತೀನಿ” ಅಂದೆ.

“ಹುಳದ್ ಮನೆಗೆ ಹೊರಗ್ನೋರ್ನ ಬುಡಾಕಿಲ್ಲ. ಅದ್ರಲ್ಲೂ ನಿನ್ ಬಟ್ಟೆಲೆಲ್ಲ ಬಣ್ಣದ್ ವಾಸ್ನೆ.”

ಅಲ್ಲಿಗೆ ನನ್ನ ಅನುಮಾನ ಗಟ್ಟಿಯಾಯಿತು. ರೇಗಿಹೋಯಿತು. “ಹಂಗಾದ್ರೆ ನನ್ನ ಕೆಲಸ ನಾನು ಮಾಡ್ತೀನಿ” ಎಂದು ಡಬ್ಬಿಯ ಮುಚ್ಚಳ ತೆಗೆದೆ.

ಅವಳು ಜಗಳಕ್ಕೆ ನಿಲ್ಲಲಿಲ್ಲ. ಬಾಗಿಲಲ್ಲಿ ಕೈಕಾಲು ತೊಳೆದು ಒಳಗೆ ಹೋದವಳು, ಒಂದು ಎಲೆಯ ಮೇಲೆ ಬೆರಳುದ್ದದ ಬಿಳಿ ಹುಳ ಇಟ್ಟುಕೊಂಡು ಬಂದಳು. ಅದನ್ನು ಗೋಡೆಯ ಬುಡದಲ್ಲಿ, ನನ್ನ ಕಾಲ ಹತ್ತಿರ ಇಳಿಸಿದಳು. ಹುಳ ಎಲೆಯ ಅಂಚನ್ನು ತಿನ್ನುತ್ತಲೇ ಇತ್ತು.

“ಹೊರಗಿನ್ ಗಾಳಿ ತಾಕ್ತಲ್ಲ, ಇದ ಇನ್ನ ಒಳಕ್ಕೆ ಸೇರ್ಸಾಕಿಲ್ಲ. ನಂಬ್ಕೆ ಇಲ್ದಿದ್ರೆ ಇದ್ರ ಮ್ಯಾಲೆ ಹೊಡ್ದು ನೋಡ್ಕೊ. ಮನೆ ತುಂಬ ಇರೋ ಹುಳಗಳ್ ಮ್ಯಾಲೆ ಪರೀಕ್ಸೆ ಮಾಡ್ಬ್ಯಾಡ.”

ನನ್ನ ಬೆರಳು ಡಬ್ಬಿಯ ಗುಂಡಿಯ ಮೇಲೇ ಇತ್ತು. ಒತ್ತಲಾಗಲಿಲ್ಲ. ನಾಚಿಕೆಯಾಯಿತು. ಮುಚ್ಚಳ ಹಾಕಿ, ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿದೆ. ಅವಳು ಒಳಗೆ ಹೋಗಲಿಲ್ಲ. ನಾನು ಚೀಲವನ್ನು ಸ್ಕೂಟರಿಗೆ ಕಟ್ಟಿ, ಹೊರಟು, ತಿರುವು ದಾಟುವವರೆಗೂ ರಸ್ತೆಯಲ್ಲೇ ನಿಂತು ನೋಡುತ್ತಿದ್ದಳು.