ಸತ್ತ ಮಗಳ ಕಾಲುಂಗುರ

ಮಹಾಯುದ್ಧ ಮುಗಿದ ಮೇಲಿನ ಮಾತು. ಅಪ್ಪ ಪೆರ್ಲದಲ್ಲಿ ಬೆಳ್ಳಿ ಕೆಲಸ ಮಾಡುತ್ತಿದ್ದರು. ಮನೆಯ ಜಗಲಿಯೇ ಅವರ ಕೆಲಸದ ಜಾಗ. ಅಮ್ಮ ತೀರಿಹೋಗಿದ್ದರಿಂದ, ತಯಾರಾದ ಒಡವೆಯನ್ನು ಅಂಟುವಾಳದ ನೊರೆಯಲ್ಲಿ ತಿಕ್ಕಿ ಹೊಳಪು ಬರಿಸುವುದು ನನ್ನ ಪಾಲಿಗೆ ಬಂದಿತ್ತು. ನನಗೆ ಗಂಡು ನೋಡುತ್ತಿದ್ದ ವರ್ಷ ಅದು.

ಒಂದು ಮಧ್ಯಾಹ್ನ ಪೈವಳಿಕೆ ಕಡೆಯಿಂದ ಒಬ್ಬರು ಹೆಂಗಸು ನಡೆದುಕೊಂಡು ಬಂದರು. ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು:

"ಆಚಾರ್ರೇ, ಮಗಳ ಮದುವೆ ಉಂಟು. ಒಂದು ಜೊತೆ ಕಾಲುಂಗುರ, ಕೆಂಪು ಕಲ್ಲಿನ ಒಂದು ಉಂಗುರ ಆಗಬೇಕು."

"ಮಗಳನ್ನು ಕರ್ಕೊಂಡು ಬನ್ನಿ ಅಕ್ಕಾ. ಅಳತೆ ತೆಗೀಬೇಕಲ್ಲ."

"ಅವಳು ತೊಟ್ಟಿಲಲ್ಲಿ ಇರುವಾಗಲೇ ಹೋದಳು."

ಅಪ್ಪ ಸುತ್ತಿಗೆ ಕೆಳಗಿಟ್ಟರು. ನಮ್ಮ ಕಡೆಯಲ್ಲಿ ಸತ್ತ ಮಕ್ಕಳೂ ಬೆಳೆಯುತ್ತಾರೆ ಎಂದು ನಂಬಿಕೆ. ಪ್ರಾಯಕ್ಕೆ ಬಂದಾಗ ಅವರಿಗೂ ಮದುವೆ ಮಾಡಿಸಬೇಕು, ಇಲ್ಲದಿದ್ದರೆ ಮನೆಯಲ್ಲಿ ಬದುಕಿರುವವರ ಮದುವೆ ಕೂಡಿ ಬರುವುದಿಲ್ಲ. ಈಕೆಯ ಮಗನಿಗೆ ಬಂದ ಸಂಬಂಧಗಳೆಲ್ಲ ಮುರಿದು ಹೋಗಿದ್ದವು. ತಂಗಿ ಕಾಯುತ್ತಿದ್ದಾಳೆ ಎಂದು ಜ್ಯೋತಿಷ್ಯ ನೋಡುವ ಬಲ್ಯಾಯರು ಕವಡೆ ಹಾಕಿ ಹೇಳಿದರಂತೆ. ಜ್ವರದಲ್ಲಿ ತೀರಿಹೋದ ಒಬ್ಬ ಹುಡುಗನ ಮನೆಯವರು ಒಪ್ಪಿದ್ದರು.

"ಅಂಥ ಮದುವೆಗೆ ಸಣ್ಣದು ಸಾಕಲ್ಲ ಅಕ್ಕಾ, ಗೊಂಬೆಗೆ ಆಗುವಷ್ಟು," ಎಂದರು ಅಪ್ಪ.

"ಗೊಂಬೆಗಲ್ಲ, ನನ್ನ ಮಗಳಿಗೆ." ಅವರು ನನ್ನ ಕಡೆ ತಿರುಗಿದರು. "ಇದ್ದಿದ್ದರೆ ಇವಳಷ್ಟೇ ಆಗಿರುತ್ತಿದ್ದಳು. ಇವಳ ಅಳತೆ ತೆಗೀರಿ."

"ಬೇಡ. ಇವಳಿಗೂ ಗಂಡು ನೋಡ್ತಾ ಇದ್ದೇವೆ."

ಆಕೆ ವಾದಿಸಲಿಲ್ಲ, ಅಳಲೂ ಇಲ್ಲ. ನನ್ನ ಪಾದವನ್ನೇ ನೋಡುತ್ತ ಕೂತರು. ಹಸಿದವರು ಬೇರೆಯವರ ಎಲೆಯನ್ನು ನೋಡುವ ಹಾಗಿತ್ತು ಆ ನೋಟ. ನಾನೇ ಕಾಲು ಮುಂದೆ ಚಾಚಿದೆ. ಅಪ್ಪ ನನ್ನ ಮುಖ ನೋಡದೆ ಬೆರಳಿಗೆ ನೂಲು ಸುತ್ತಿದರು.

ಉಂಗುರದ ಕೆಲಸ ಸಲೀಸಾಗಿ ಮುಗಿಯಿತು. ಕಲ್ಲಿಗೆ ಮನೆ ಕಟ್ಟಿ, ಕಲ್ಲು ಕೂರಿಸಿ, ಅಂಚು ಒತ್ತಿದ್ದೇ ಹನಿ ರಕ್ತದ ಹಾಗೆ ನಿಂತಿತು. ಕಾಲುಂಗುರಗಳನ್ನು ನಾನು ತಿಕ್ಕಿ, ಒರೆಸಿ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ.

ಆಕೆ ಬರುವ ದಿನ ಬೆಳಿಗ್ಗೆ ಅಪ್ಪ ಕಾಲುಂಗುರ ಸುತ್ತಿದ್ದ ಬಟ್ಟೆ ಬಿಚ್ಚಿ ನನ್ನನ್ನು ಕರೆದರು.

"ಮಗಾ, ಇದನ್ನು ಕಾಲಿಗೆ ಹಾಕಿದೆಯಾ?"

"ಇಲ್ಲಪ್ಪ." ಮದುವೆಯಾಗದ ಹುಡುಗಿ ಕಾಲುಂಗುರ ಹಾಕುವುದುಂಟೇ?

ಅವರು ಅವನ್ನು ಮಗುಚಿ ನನ್ನ ಅಂಗೈಯಲ್ಲಿಟ್ಟರು. ಮೇಲೆ ನಾನು ತಿಕ್ಕಿದ ಹೊಳಪು ಹಾಗೇ ಇತ್ತು. ಅಡಿಭಾಗ ಮಾತ್ರ ಸವೆದಿತ್ತು. ನೆಲಕ್ಕೆ ತಾಗಿ ತಾಗಿ ಬೆಳ್ಳಿ ಸವೆಯುವ ರೀತಿಯೇ ಬೇರೆ. ಹಳೆಯ ಕಾಲುಂಗುರಗಳನ್ನು ಎಷ್ಟೋ ತೊಳೆದವಳು ನಾನು, ನನಗೆ ಅದು ಗೊತ್ತಿತ್ತು. ಎರಡರಲ್ಲೂ ಸಣ್ಣ ಸಣ್ಣ ಗೀರು, ಒಂದರ ಸಂದಿನಲ್ಲಿ ಕೆಂಪು ಮಣ್ಣು. ಅಪ್ಪ ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿ ಬಂದರು.

ಆಕೆ ಬಂದಾಗ ಅಪ್ಪ ಹೇಳಿದರು, "ಅಕ್ಕಾ, ಅಡಿಯಲ್ಲಿ ಸ್ವಲ್ಪ ಸವೆದಿದೆ. ಹೇಗೆ ಅಂತ ಗೊತ್ತಿಲ್ಲ. ಬೇರೆ ಮಾಡಿ ಕೊಡ್ತೇನೆ."

ಆಕೆ ಹೆಬ್ಬೆರಳಿನಿಂದ ಸವೆದ ಜಾಗವನ್ನು ಮುಟ್ಟಿ ಮುಟ್ಟಿ ನೋಡಿದರು. ಅವರು ನಕ್ಕದ್ದನ್ನು ನಾನು ಮೊದಲು ಕಂಡದ್ದು ಆಗಲೇ.

"ಬೇರೆ ಎಂತಕ್ಕೆ? ಹಾಕಿ ನೋಡಿದ್ದಾಳೆ. ಸರಿಯಾಗಿದೆ." ಮತ್ತೆ ನನ್ನ ಕೈ ಹಿಡಿದುಕೊಂಡರು. "ಹೆದರಿಕೆ ಆಯ್ತಾ ಮಗಾ?"

"ಸ್ವಲ್ಪ."

"ನನಗೆ ಇಷ್ಟು ವರ್ಷ ಅವಳು ಎಷ್ಟು ಬೆಳೆದಿದ್ದಾಳೆ ಅಂತಲೇ ಗೊತ್ತಿರಲಿಲ್ಲ." ನನ್ನ ಅಂಗೈಗೆ ತಮ್ಮ ಅಂಗೈ ತಾಗಿಸಿ, ಬೆರಳಿಗೆ ಬೆರಳು ಸೇರಿಸಿ ನೋಡಿದರು. "ನನ್ನಷ್ಟೇ ಆಗಿದ್ದಾಳೆ."

ಮದುವೆಗೆ ಅಪ್ಪ ಒಬ್ಬರೇ ಹೋಗಿ ಬಂದರು. ಖಾಲಿ ಸೀರೆಯ ಮೇಲೆ ಒಡವೆ ಇಟ್ಟು ಧಾರೆ ಎರೆದರಂತೆ. ಗಂಡಿನ ಕಡೆಯವರು ಅದನ್ನೆಲ್ಲ ಎತ್ತಿಕೊಂಡು ಹೊರಟಾಗ ಆಕೆ ಗದ್ದೆಯ ಅಂಚಿನವರೆಗೆ ಅಳುತ್ತ ಹೋದರಂತೆ, ಎಲ್ಲ ತಾಯಂದಿರ ಹಾಗೆ. ಮಗನ ಸಂಬಂಧವೂ ಆಮೇಲೆ ಬೇಗ ಕೂಡಿ ಬಂತು.

ಮಳೆ ಸುರಿಯುವ ಆಟಿ ತಿಂಗಳು ಕಳೆದ ಮೇಲೆ ಒಮ್ಮೆ ಆಕೆ ನಮ್ಮ ದಾರಿಯಾಗಿ ಬಂದರು. ತೀರಿಹೋದವರಿಗೆ ಇಡುವ ಹಾಗೆ ಬೀಗರ ಮನೆಯಲ್ಲಿ ಮಗಳಿಗೆ ಎಲೆ ಹಾಕಿ ಬಡಿಸಿ ಬರುತ್ತಿದ್ದರು. ಅಪ್ಪ ಜಗಲಿಯಿಂದಲೇ ಕೇಳಿದರು, "ಹೇಗಿದ್ದಾಳೆ ಅಕ್ಕಾ?"

"ಸುಖವಾಗಿದ್ದಾಳೆ," ಎಂದರು. "ಸ್ವಲ್ಪ ದಪ್ಪ ಆಗಿದ್ದಾಳೆ."

ಅಪ್ಪ ತಲೆದೂಗಿ ಕೆಲಸಕ್ಕೆ ಬಗ್ಗಿದರು. ನಾನು ಆಕೆಗೆ ಕುಡಿಯಲು ಮಜ್ಜಿಗೆ ತಂದು ಕೊಟ್ಟೆ.