ಮಂಗನಿಗಾಗಿ ಬೋಳಿಸಿದ ತಲೆ

ಚಿನ್ನ ಮಾಡಿಸಿಕೊಂಡವರನ್ನೋ ಮನೆಗೆ ಫೋನ್ ಹಾಕಿಸಿಕೊಂಡವರನ್ನೋ ಕಂಡು ನನಗೆಂದೂ ಹೊಟ್ಟೆ ಉರಿದಿಲ್ಲ. ಉರಿದದ್ದು ಒಂದು ಸತ್ತ ಮಂಗನನ್ನು ಕಂಡು. ನಗುವವರು ನಗಲಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆ ಹಿರೇಗುತ್ತಿಯಲ್ಲಿ. ಉಪ್ಪಿನ ಆಗರದಲ್ಲಿ ದುಡಿದು ಸವೆದಿದ್ದ ಅಪ್ಪ ಜೋರು ಮಳೆಯ ದಿನವೇ ತೀರಿಕೊಂಡ. ನಾನೊಬ್ಬಳೇ ಮಗಳಾದ್ದರಿಂದ ದೊಡ್ಡಪ್ಪನ ಮಗ ಕೊಳ್ಳಿ ಇಟ್ಟ. ತಲೆ ಬೋಳಿಸುವ ಮಾತು ಬಂದಾಗ ಮಾತ್ರ ಹಿಂದೆ ಸರಿದ.

"ಹೆಣ್ಣು ನೋಡೂಕೆ ಕುಮಟೆಗೆ ಹೋಗುದದೆ ಚಿಕ್ಕಿ. ಬೋಳು ತಲೆಲಿ ಹೆಂಗೆ ಹೋಗುದು?"

ಅಮ್ಮ "ಆತು" ಅಂದಳು. ಮುಂದೆ ಆ ಹೆಣ್ಣು ಇವನನ್ನು ಒಪ್ಪಲಿಲ್ಲ. ಅಷ್ಟರಮಟ್ಟಿಗೆ ನನಗೆ ಸಮಾಧಾನ.

ಮಳೆಗಾಲ ಮುಗಿದ ಮೇಲೆ ಗಡವ ಮಂಗವೊಂದು ಕರೆಂಟ್ ತಂತಿ ಹಿಡಿದು ಕಿರಾಣಿ ಅಂಗಡಿಯ ಎದುರು ಸತ್ತು ಬಿತ್ತು. ಬದುಕಿದ್ದಾಗ ಅದಕ್ಕೆ ಕಲ್ಲು ಬೀಸದವರೇ ಇರಲಿಲ್ಲ. ಸತ್ತದ್ದೇ ತಡ, ಸಾಕ್ಷಾತ್ ಹನುಮಂತ ದೇವರಾಗಿಬಿಟ್ಟಿತು. ಕುರ್ಚಿಯ ಮೇಲೆ ಕೂರಿಸಿದರು, ಕೇಸರಿ ಶಾಲು ಹೊದಿಸಿದರು, ಅಬ್ಬಲಿಗೆ ಹಾರ ಹಾಕಿದರು. ತಾಳ, ಭಜನೆ, ಗರ್ನಾಲು ಪಟಾಕಿಯ ಸದ್ದು! ಹೆದ್ದಾರಿಯಲ್ಲಿ ಲಾರಿಗಳು ಸಾಲಾಗಿ ನಿಂತವು. ಅಪ್ಪ ಸತ್ತಾಗ ಕಾಲುನೋವೆಂದು ಮನೆಯಲ್ಲೇ ಕೂತವರೆಲ್ಲ ಗುಡ್ಡದ ಬುಡದವರೆಗೆ ಮಂಗನ ಹಿಂದೆ ನಡೆದರು.

ಹೂಳಿದ ಮೇಲೆ, ಕರ್ಮಕ್ಕೆ ಯಾರಾದರೂ ಮಗನ ಸ್ಥಾನದಲ್ಲಿ ನಿಲ್ಲಬೇಕು ಎಂದರು ಹಿರಿಯರು. ಯಾರೂ ಕರೆಯುವ ಮೊದಲೇ ನಮ್ಮಣ್ಣ, ಅದೇ ದೊಡ್ಡಪ್ಪನ ಮಗ, ಮುಂದೆ ಬಂದ. ಎಲ್ಲರೆದುರು ಕ್ಷೌರಿಕನಿಗೆ ತಲೆ ಕೊಟ್ಟು ಕೂತ. ಕೂದಲು ಮಣ್ಣಿಗೆ ಬೀಳುವುದನ್ನು ನೋಡುತ್ತ ನಾನು ಸೆರಗು ಕಚ್ಚಿಕೊಂಡು ನಿಂತಿದ್ದೆ. ಅದು ನನ್ನಪ್ಪನಿಗೆ ಸಲ್ಲಬೇಕಾದ ಕೂದಲು. ಬಾಲ ಇದ್ದವನ ಪಾಲಾಯಿತು.

ತಿಥಿಯೂಟ ಶಾಲೆಯ ಬಯಲಲ್ಲಿ. ಹನುಮಂತನ ಪಟದ ಮುಂದೆ ಮಂಗನ ಹೆಸರಲ್ಲಿ ಎಲೆ ಹಾಕಿ ಎಲ್ಲ ಬಡಿಸಿಟ್ಟಿದ್ದರು. ಪಂಕ್ತಿ ಮುಗಿಯುತ್ತ ಬಂದಾಗ ಅಣ್ಣ ಪಾಯಸದ ಬಕೆಟ್ ಹಿಡಿದು ನಮ್ಮೆದುರು ನಿಂತ. ನಾನು ಎಲೆಗೆ ಕೈ ಅಡ್ಡ ಹಿಡಿದೆ.

"ಬೇಡ. ನಮ್ಮಪ್ಪನೂ ಮಂಗ ಆಗಿದ್ರೆ ಚಲೋ ಇತ್ತು."

ಅಕ್ಕಪಕ್ಕದವರ ಊಟ ನಿಂತಿತು. ಅವನ ಮುಖ ಕಪ್ಪಿಟ್ಟಿತು. ಅಮ್ಮ ಗದರುತ್ತಾಳೆ ಅಂದುಕೊಂಡೆ. ಅವಳು ನನ್ನತ್ತ ನೋಡಲೇ ಇಲ್ಲ.

"ಮಗಾ, ನಿನ್ನ ಚಿಕ್ಕಪ್ಪಂಗೂ ಒಂದು ಎಲೆ ಹಾಕು. ತಲೆ ಹೆಂಗೂ ಬೋಳಿಸ್ಕಂಡು ಆಗದೆ" ಅಂದಳು.

ಅವನು ಮಂಗನ ಎಲೆಯ ಪಕ್ಕ ಇನ್ನೊಂದು ಎಲೆ ಹಾಸಿದ. ಅನ್ನ, ಸಾರು, ಪಲ್ಯ ಎಲ್ಲ ತಂದು ಬಡಿಸಿದ. ಬಕೆಟ್ ಬಗ್ಗಿಸಿ ಉಳಿದ ಪಾಯಸ ಹಾಕಿದ. ಅಮ್ಮ ಕಣ್ಣೊರೆಸಿಕೊಂಡು ಕೈಮುಗಿದಳು.

ನಾನು ಎರಡೂ ಎಲೆ ನೋಡುತ್ತ ಕೂತೆ. ಮಂಗನ ಪಾಯಸದಲ್ಲಿ ಗೋಡಂಬಿ ಇತ್ತು. ಅಪ್ಪನದರಲ್ಲಿ ಇರಲಿಲ್ಲ.